ಹದಿಹರೆಯದ ಬೊಜ್ಜು ಮತ್ತು ಹೃದಯ: ಕಾಟಾ ಹೇಳದ ಲೆಕ್ಕ

ಸಕ್ರೆಬೈಲಿನ ಆನೆ ಬಿಡಾರದಲ್ಲಿ ಆನೆಯೊಂದು ಮೈದುಂಬಿಕೊಂಡಿದೆಯೋ ಸೊರಗಿದೆಯೋ ಎಂದು ತಿಳಿಯಲು ಯಾರೂ ತೂಕದ ಕಾಟಾ ಹುಡುಕಿಕೊಂಡು ಹೋಗುವುದಿಲ್ಲ. ಬೆಳಿಗ್ಗೆ ತುಂಗೆಯ ಹಿನ್ನೀರಿನಲ್ಲಿ ಅಡ್ಡ ಮಲಗಿಸಿ ಮೈ ತಿಕ್ಕುವ ಹೊತ್ತಿಗೇ ಮಾವುತನ ಕಣ್ಣು ಅಳತೆ ಮುಗಿಸಿರುತ್ತದೆ. ಕಣತಲೆಯ ಕುಳಿ ಎಷ್ಟು ಆಳವಿದೆ, ಪಕ್ಕೆಲುಬಿನ ಗೆರೆ ಕಾಣುತ್ತದೆಯೇ, ಬೆನ್ನುಮೂಳೆಯ ಏಣು ಎದ್ದಿದೆಯೇ? ಆನೆಗಳ ಪಶುವೈದ್ಯರು ಬಳಸುವ ಅಂಕಪಟ್ಟಿಯೂ ಇವನ್ನೇ ನೋಡುತ್ತದೆ. ನಾಲ್ಕು ಸಾವಿರ ಕಿಲೋ ತೂಗುವ ಆನೆ ಶೆಟ್ಟಿಹಳ್ಳಿ ಕಾಡಿನಲ್ಲಿ ಮೇಯ್ದು ನಡೆದಾಡಿ ಆ ತೂಕ ಪಡೆದಿದ್ದರೆ ಅದು ಆರೋಗ್ಯ. ಮೃಗಾಲಯದಲ್ಲಿ ನಿಂತಲ್ಲೇ ನಿಂತು ಪಡೆದಿದ್ದರೆ ಕಾಯಿಲೆಯ ದಾರಿ.

ಭಾನುವಾರ ಶಿವಮೊಗ್ಗ, ಭದ್ರಾವತಿಗಳಿಂದ ಈ ಆನೆಗಳನ್ನು ನೋಡಲು ಬರುವ ನಮ್ಮ ಮಕ್ಕಳ ವಿಷಯಕ್ಕೆ ಬಂದರೆ ಇಷ್ಟು ಸೂಕ್ಷ್ಮ ನಮಗಿಲ್ಲ. ‘ಬೆಳೆಯೋ ಹುಡುಗ, ಒಂದೆರಡು ವರ್ಷಕ್ಕೆ ಎಲ್ಲಾ ಇಳಿದುಹೋಗುತ್ತೆ ಬಿಡಿ’ ಎನ್ನುವುದು ಒಂದು ಮಾತು. ‘ಪಿಯುಸಿ ಮುಗೀಲಿ, ಆಮೇಲೆ ಜಿಮ್ಮಿಗೆ ಸೇರಿಸೋಣ’ ಎನ್ನುವುದು ಇನ್ನೊಂದು. ಎರಡರ ಹಿಂದೆಯೂ ಒಂದೇ ನಂಬಿಕೆಯಿದೆ: ಬೊಜ್ಜು ಸದ್ಯಕ್ಕೆ ಮೈಯ ಹೊರಗಿನ ಸಂಗತಿ, ಹೃದಯದ ಚಿಂತೆ ನಲವತ್ತರ ನಂತರದ್ದು. ಕಳೆದ ಮೂರ್ನಾಲ್ಕು ದಶಕಗಳ ಸಂಶೋಧನೆ ಈ ನಂಬಿಕೆಯನ್ನು ಹುಸಿ ಮಾಡಿದೆ. ಹದಿನಾಲ್ಕು, ಹದಿನೈದರಲ್ಲೇ ಹೃದಯದ ಆಕಾರವೂ ಕೆಲಸದ ರೀತಿಯೂ ಬದಲಾಗುತ್ತವೆ. ಆದರೆ ಆ ಬದಲಾವಣೆಯನ್ನು ಪೂರ್ತಿ ರೋಗವೆನ್ನುವಂತಿಲ್ಲ, ಬರಿಯ ಬೆಳವಣಿಗೆ ಎಂದು ಕೈಬಿಡುವಂತೆಯೂ ಇಲ್ಲ. ವೈದ್ಯರ ನಡುವಿನ ವಾದವೆಲ್ಲ ಈ ನಡುವಿನ ಜಾಗದ್ದು.

ಮೊದಲು ಪ್ರಮಾಣ. ಕೇಂದ್ರ ಆರೋಗ್ಯ ಸಚಿವಾಲಯ 2016–18ರಲ್ಲಿ ನಡೆಸಿದ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆಯ ಪ್ರಕಾರ ದೇಶದ 10ರಿಂದ 19 ವರ್ಷದವರಲ್ಲಿ ಶೇ 24ರಷ್ಟು ಮಂದಿ ವಯಸ್ಸಿಗೆ ತಕ್ಕ ಮೈಯಿಲ್ಲದ ತೆಳ್ಳಗಿನವರು. ಅತಿತೂಕದವರು ಶೇ 5. ಈ ಎರಡನೆಯ ಅಂಕಿ ಸಣ್ಣದು ಎನಿಸುತ್ತದೆ. ಆದರೆ 2024ರಲ್ಲಿ ‘ಲ್ಯಾನ್ಸೆಟ್’ ಪ್ರಕಟಿಸಿದ ಜಾಗತಿಕ ಅಂದಾಜಿನಲ್ಲಿ, 1990ರಲ್ಲಿ ಭಾರತದಲ್ಲಿ ನಾಲ್ಕು ಲಕ್ಷದಷ್ಟಿದ್ದ 5–19 ವಯಸ್ಸಿನ ಬೊಜ್ಜಿನ ಮಕ್ಕಳು 2022ಕ್ಕೆ ಒಂದೂಕಾಲು ಕೋಟಿಯಾಗಿದ್ದಾರೆ. ನಮ್ಮ ರಾಜ್ಯದ ದೊಡ್ಡವರ ಕಥೆ ಮಕ್ಕಳ ಕಥೆಯನ್ನು ಮುಂಚಿತವಾಗಿಯೇ ಹೇಳುತ್ತದೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ (2019–21) ಕರ್ನಾಟಕದ ಹೆಂಗಸರಲ್ಲೂ ಗಂಡಸರಲ್ಲೂ ಶೇ 30ರಷ್ಟು ಮಂದಿ ಅತಿತೂಕದವರು. ತಂದೆ ತಾಯಿಯ ಅಡುಗೆಮನೆಯೇ ಮಕ್ಕಳದ್ದೂ ತಾನೆ.

ಇನ್ನು ಹೃದಯಕ್ಕೆ ಆಗುವುದೇನು? ಕೊಬ್ಬು ಎಂದರೆ ಚರ್ಮದ ಕೆಳಗೆ ಸುಮ್ಮನೆ ಬಿದ್ದಿರುವ ಗಂಟು ಎಂದುಕೊಂಡಿದ್ದೇವೆ. ಅದು ಜೀವಂತ ಅಂಗಾಂಶ, ಅದಕ್ಕೂ ರಕ್ತ ಬೇಕು. ವಿಶ್ರಾಂತಿಯಲ್ಲಿರುವಾಗಲೂ ಒಂದು ಕಿಲೋ ಕೊಬ್ಬಿಗೆ ನಿಮಿಷಕ್ಕೆ ಸುಮಾರು 20ರಿಂದ 30 ಮಿಲಿಲೀಟರ್ ರಕ್ತ ಹರಿಯುತ್ತದೆ. ಇಪ್ಪತ್ತು ಕಿಲೋ ಹೆಚ್ಚುವರಿ ಕೊಬ್ಬು ಹೊತ್ತ ಹುಡುಗನ ಹೃದಯ ಅವನು ಮಲಗಿದ್ದಾಗಲೂ ನಿಮಿಷಕ್ಕೆ ಅರ್ಧ ಲೀಟರಿನ ಆಸುಪಾಸು ಹೆಚ್ಚು ರಕ್ತ ತಳ್ಳಬೇಕು. ಸಾಮಾನ್ಯವಾಗಿ ವಿಶ್ರಾಂತಿಯಲ್ಲಿ ಹೃದಯ ತಳ್ಳುವುದೇ ನಿಮಿಷಕ್ಕೆ ಐದು ಲೀಟರು. ಮೈಯೊಳಗಿನ ಒಟ್ಟು ರಕ್ತವೇ ಹೆಚ್ಚಾಗುತ್ತದೆ. ಹೆಚ್ಚು ರಕ್ತ ಬಂದು ತುಂಬಿದ ಎಡ ಹೃತ್ಕುಕ್ಷಿ, ಅಂದರೆ ಮೈಗೆಲ್ಲ ರಕ್ತ ತಳ್ಳುವ ಎಡಭಾಗದ ಕೆಳಕೋಣೆ, ಮೆಲ್ಲಗೆ ಹಿಗ್ಗುತ್ತದೆ. ಹಿಗ್ಗಿದ ಕೋಣೆಯ ಗೋಡೆ ಎಳೆತ ತಡೆಯಲು ದಪ್ಪಗಾಗುತ್ತದೆ.

ಇದರ ಜೊತೆಗೆ ಬಿಪಿ ಸೇರಿಕೊಂಡರೆ ದಾರಿಯೇ ಬೇರೆ. ಆಗ ಕೋಣೆ ಹಿಗ್ಗುವುದಕ್ಕಿಂತ ಗೋಡೆ ಒಳಮುಖವಾಗಿ ದಪ್ಪಗಾಗುವುದು ಹೆಚ್ಚು. ಬೊಜ್ಜಿನಲ್ಲಿ ಬಿಪಿ ಏರಲು ಕಾರಣಗಳು ಒಂದೆರಡಲ್ಲ: ಇನ್ಸುಲಿನ್ ಮಟ್ಟ ಏರಿ ಮೂತ್ರಪಿಂಡ ಉಪ್ಪನ್ನು ಹಿಡಿದಿಟ್ಟುಕೊಳ್ಳುತ್ತದೆ, ಕೊಬ್ಬಿನ ಕೋಶಗಳೇ ಸ್ರವಿಸುವ ಲೆಪ್ಟಿನ್ ನರಗಳ ಬಿಗಿ ಹೆಚ್ಚಿಸುತ್ತದೆ, ರಕ್ತನಾಳಗಳ ಒಳಪದರ ಸಡಿಲಗೊಳ್ಳುವ ಗುಣ ಕಳೆದುಕೊಳ್ಳುತ್ತದೆ. ಹೃದಯದ ಮೇಲ್ಮೈಯಲ್ಲೇ ಕೂರುವ ಕೊಬ್ಬಿನ ಪದರ ಇನ್ನೊಂದು. ಅದಕ್ಕೂ ಹೃದಯದ ಸ್ನಾಯುವಿಗೂ ನಡುವೆ ಗೋಡೆಯಿಲ್ಲ. ಅದು ಸ್ರವಿಸಿದ್ದು ನೇರ ಸ್ನಾಯುವಿಗೆ ತಾಗುತ್ತದೆ.

ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್ ಪರೀಕ್ಷೆಯ ಕೋಣೆಯಲ್ಲಿ ಇದು ಹೇಗೆ ಕಾಣುತ್ತದೆ ಎನ್ನುವುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಮನೆಯವರಿಗೆ ಸಮಾಧಾನ ಸಿಗುವುದೂ ಮೋಸವಾಗುವುದೂ ಅಲ್ಲಿಯೇ. ಹುಡುಗನನ್ನು ಎಡಮಗ್ಗುಲಿಗೆ ಮಲಗಿಸಿ, ಎದೆಗೆ ತಣ್ಣನೆಯ ಜೆಲ್ ಹಚ್ಚಿ, ಪಕ್ಕೆಲುಬುಗಳ ಸಂದಿಯಲ್ಲಿ ಪ್ರೋಬ್ ಒತ್ತಿ ಹಿಡಿಯುತ್ತಾರೆ. ದಪ್ಪಗಿನ ಎದೆಯಲ್ಲಿ ಚಿತ್ರ ಮಸುಕಾಗಿ ಬರುತ್ತದೆ; ಪ್ರೋಬ್ ಆಚೀಚೆ ಹೊರಳಿಸಿ ಹುಡುಕಬೇಕಾಗುತ್ತದೆ. ಕೊನೆಗೆ ವರದಿಯಲ್ಲಿ ಎಲ್ಲರೂ ಮೊದಲು ನೋಡುವುದು ಇಜೆಕ್ಷನ್ ಫ್ರಾಕ್ಷನ್, ಅಂದರೆ ತುಂಬಿದ ರಕ್ತದಲ್ಲಿ ಒಂದು ಬಡಿತಕ್ಕೆ ಎಷ್ಟು ಪಾಲು ಹೊರಹೋಗುತ್ತದೆ ಎಂಬ ಅಂಕಿ. ಬೊಜ್ಜಿನ ಹದಿಹರೆಯದವರಲ್ಲಿ ಅದು ಬಹುಪಾಲು ಶೇ 60ರ ಸುತ್ತಮುತ್ತಲೇ ಇರುತ್ತದೆ. ‘ಎಲ್ಲಾ ನಾರ್ಮಲ್’ ಎಂದು ಮನೆಗೆ ಹೋಗುತ್ತಾರೆ.

ಹೃದಯಕ್ಕೆ ಎರಡು ಕೆಲಸ: ಹಿಂಡುವುದು ಮತ್ತು ಸಡಿಲಗೊಂಡು ತುಂಬಿಕೊಳ್ಳುವುದು. ಬೊಜ್ಜು ಮೊದಲು ಕೈ ಹಾಕುವುದು ಎರಡನೆಯದಕ್ಕೆ. ಗೋಡೆ ದಪ್ಪಗಾದ ಕೋಣೆ ಸಲೀಸಾಗಿ ಸಡಿಲವಾಗುವುದಿಲ್ಲ. ಅದರೊಳಕ್ಕೆ ರಕ್ತ ತುಂಬಲು ಮೇಲಿನ ಹೃತ್ಕರ್ಣ ಹೆಚ್ಚು ಒತ್ತಬೇಕು, ಒತ್ತಿ ಒತ್ತಿ ಅದೂ ಹಿಗ್ಗುತ್ತದೆ. ಸ್ನಾಯುವಿನ ಚಲನೆಯ ವೇಗ ಅಳೆಯುವ ಟಿಶ್ಯೂ ಡಾಪ್ಲರ್ ವಿಧಾನದಲ್ಲಿ ಈ ಬಿಗಿತ ಕಾಣುತ್ತದೆ. ಹಿಂಡುವ ಕೆಲಸದಲ್ಲೂ ಸಣ್ಣ ಕುಂದುಗಳಿರುತ್ತವೆ. ಸ್ನಾಯುವಿನ ಎಳೆ ಉದ್ದುದ್ದಕ್ಕೆ ಎಷ್ಟು ಕುಗ್ಗುತ್ತದೆ ಎಂದು ತೋರಿಸುವ ‘ಸ್ಟ್ರೇನ್’ ಅಳತೆ ಇಂಥ ಮಕ್ಕಳಲ್ಲಿ ಕಡಿಮೆ ಬರುತ್ತದೆ ಎಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ಇಜೆಕ್ಷನ್ ಫ್ರಾಕ್ಷನ್ ಕುಸಿಯುವುದು ಎಷ್ಟೋ ವರ್ಷಗಳ ನಂತರ. ಅದಕ್ಕಾಗಿ ಕಾದು ಕೂರುವುದು, ಮನೆ ಸೋರಿ ಗೋಡೆ ಬಿದ್ದ ಮೇಲೆ ಹೆಂಚು ತಿರುವಿದಂತೆ.

ಈ ವಿಷಯದಲ್ಲಿ ಮತ್ತೆ ಮತ್ತೆ ಉಲ್ಲೇಖವಾಗುವ ಅಧ್ಯಯನ ಅಮೆರಿಕದ ಮೂಲನಿವಾಸಿ ಸಮುದಾಯಗಳದ್ದು. ‘ಸ್ಟ್ರಾಂಗ್ ಹಾರ್ಟ್ ಸ್ಟಡಿ’ಯ ಭಾಗವಾಗಿ 14ರಿಂದ 20 ವರ್ಷದ 460 ಮಂದಿಗೆ ಎಕೋ ಮಾಡಿ 2006ರಲ್ಲಿ ಪ್ರಕಟಿಸಿದ್ದು. ಸಾಮಾನ್ಯ ತೂಕದವರಲ್ಲಿ ಎಡ ಹೃತ್ಕುಕ್ಷಿ ದಪ್ಪಗಾದವರು ಶೇ 3.5, ಬೊಜ್ಜಿನವರಲ್ಲಿ ಮೂರರಲ್ಲಿ ಒಬ್ಬರು. ಇವರಲ್ಲಿ ಯಾರೂ ಎದೆನೋವೆಂದು ಆಸ್ಪತ್ರೆಗೆ ಬಂದವರಲ್ಲ.

ಇಲ್ಲಿಯೇ ವಾದ ಏಳುತ್ತದೆ. ಬೊಜ್ಜಿನ ಮಕ್ಕಳು ಸಾಮಾನ್ಯವಾಗಿ ತಮ್ಮ ವಯಸ್ಸಿನವರಿಗಿಂತ ಬೇಗ ಎತ್ತರವಾಗುತ್ತಾರೆ, ತೂಕ ಹೊರಲು ಅವರ ಸ್ನಾಯುವೂ ಹೆಚ್ಚಿರುತ್ತದೆ. ದೊಡ್ಡ ಮೈಗೆ ದೊಡ್ಡ ಹೃದಯ ಇರುವುದರಲ್ಲಿ ತಪ್ಪೇನು? ಉತ್ತರ ನಾವು ಯಾವುದರಿಂದ ಭಾಗಿಸುತ್ತೇವೆ ಎನ್ನುವುದರ ಮೇಲೆ ನಿಂತಿದೆ. ಹೃದಯದ ತೂಕವನ್ನು ಮೈಯ ಮೇಲ್ಮೈ ವಿಸ್ತೀರ್ಣದಿಂದ ಭಾಗಿಸುವುದು ಹಳೆಯ ಪದ್ಧತಿ. ಬೊಜ್ಜೇ ಆ ವಿಸ್ತೀರ್ಣವನ್ನು ಹಿಗ್ಗಿಸಿರುವುದರಿಂದ ಭಾಗಲಬ್ಧ ಸಣ್ಣದಾಗಿ, ಹೃದಯ ಸರಿಯಿದೆ ಎಂದೇ ತೋರುತ್ತದೆ. ಆರೋಪಿಯೇ ಸಾಕ್ಷಿ ಹೇಳಿದಂತಾಯಿತು. ಅದಕ್ಕೇ 1992ರಲ್ಲಿ ಇಟಲಿಯ ಡಿ ಸಿಮೋನೆ ಮತ್ತು ಸಂಗಡಿಗರು ಎತ್ತರದ 2.7ನೇ ಘಾತದಿಂದ ಭಾಗಿಸುವ ಕ್ರಮ ತಂದರು. ಇದರಲ್ಲೂ ಕುಂದಿದೆ: ಹೆಚ್ಚುವರಿ ಸ್ನಾಯುವಿನಿಂದ ನ್ಯಾಯವಾಗಿ ಬೆಳೆದ ಪಾಲನ್ನೂ ಇದು ಬೊಜ್ಜಿನ ಖಾತೆಗೆ ಬರೆಯುತ್ತದೆ. ನಿಜ ಇವೆರಡರ ನಡುವೆ ಎಲ್ಲೋ ಇದೆ. ಆದರೂ ಸ್ಟ್ರಾಂಗ್ ಹಾರ್ಟ್ ತಂಡ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಹೃದಯ ಮಾಡುತ್ತಿರುವ ಕೆಲಸಕ್ಕೆ ಎಷ್ಟು ಸ್ನಾಯು ಬೇಕೋ ಅದಕ್ಕಿಂತ ಹೆಚ್ಚು ಬೆಳೆದಿದೆಯೇ ಎಂದು ಲೆಕ್ಕ ಹಾಕಿತು. ಬೊಜ್ಜಿನವರಲ್ಲಿ ಹೆಚ್ಚೇ ಬೆಳೆದಿತ್ತು.

ಬೊಜ್ಜೇ ಕಾರಣವೋ, ಅಥವಾ ಬೊಜ್ಜಿನ ಜೊತೆಗೆ ಬರುವ ಬಡತನ, ಊಟ, ಸೋಮಾರಿತನ ಕಾರಣವೋ ಎಂಬ ಅನುಮಾನಕ್ಕೆ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 2018ರಲ್ಲಿ ಒಳ್ಳೆಯ ಉತ್ತರ ಸಿಕ್ಕಿತು. ಹುಟ್ಟುವಾಗ ಯಾವ ಜೀನ್ ಯಾರ ಪಾಲಿಗೆ ಎನ್ನುವುದು ಚೀಟಿ ಎತ್ತಿದ ಹಾಗೆ. ಮನೆಯ ಆದಾಯಕ್ಕೂ ಅದಕ್ಕೂ ಸಂಬಂಧವಿಲ್ಲ. ತೂಕ ಹೆಚ್ಚಿಸುವ ಜೀನ್‌ಗಳು ಹೆಚ್ಚಾಗಿ ಬಂದ ಮಕ್ಕಳನ್ನೂ ಕಡಿಮೆ ಬಂದವರನ್ನೂ ಹದಿನೇಳರ ವಯಸ್ಸಿನಲ್ಲಿ ಹೋಲಿಸಿದಾಗ, ಮೊದಲ ಗುಂಪಿನವರ ಬಿಪಿಯೂ ಎಡ ಹೃತ್ಕುಕ್ಷಿಯ ತೂಕವೂ ಹೆಚ್ಚಿತ್ತು. ನನ್ನ ಮಟ್ಟಿಗೆ ‘ಕಾರಣ ಯಾವುದು’ ಎಂಬ ವಾದ ಅಲ್ಲಿಗೆ ಬಹುಪಾಲು ಮುಗಿಯಿತು.

ಒಂದು ಅಂಶವನ್ನು ಮನೆಗಳಲ್ಲಿ ಯಾರೂ ಹೃದಯದ ಜೊತೆ ಜೋಡಿಸುವುದಿಲ್ಲ: ಗೊರಕೆ. ಮಗ ಗೊರಕೆ ಹೊಡೆದರೆ ನಗುತ್ತೇವೆ, ‘ಅವರಪ್ಪನ ಹಾಗೆ’ ಎನ್ನುತ್ತೇವೆ. ಕುತ್ತಿಗೆಯ ಸುತ್ತ ಕೊಬ್ಬು ಸೇರಿ ನಿದ್ದೆಯಲ್ಲಿ ಉಸಿರಿನ ದಾರಿ ಮುಚ್ಚಿ ತೆರೆಯುತ್ತಿದ್ದರೆ ರಾತ್ರಿಯಿಡೀ ರಕ್ತದ ಆಮ್ಲಜನಕ ಇಳಿದು ಏರುತ್ತಿರುತ್ತದೆ. ಪ್ರತಿ ಸಲ ಉಸಿರು ಕಟ್ಟಿದಾಗಲೂ ಬಿಪಿ ಜಿಗಿಯುತ್ತದೆ, ಶ್ವಾಸಕೋಶದ ರಕ್ತನಾಳಗಳು ಬಿಗಿಯುತ್ತವೆ, ಹೃದಯದ ಬಲಭಾಗಕ್ಕೂ ಭಾರ ಬೀಳುತ್ತದೆ. ಅಂಥ ಹುಡುಗ ಬೆಳಿಗ್ಗೆ ತಲೆನೋವು ಎನ್ನುತ್ತಾನೆ, ಮೊದಲ ಪೀರಿಯಡ್‌ನಲ್ಲೇ ತೂಕಡಿಸುತ್ತಾನೆ, ‘ಓದಿನಲ್ಲಿ ಗಮನವಿಲ್ಲ’ ಎಂದು ಬೈಸಿಕೊಳ್ಳುತ್ತಾನೆ. ನಿದ್ದೆ ಕಡಿಮೆಯಾದರೆ ತೂಕ ಏರುವುದೂ ಇದೆ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ರೆಬೆಕಾ ಕುರಿಯನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಲ್ಲಿನ ಪಟ್ಟಣದ ಮಕ್ಕಳ ಅತಿತೂಕಕ್ಕೆ ಟಿವಿ ನೋಡುವ ಹೊತ್ತು ಮತ್ತು ನಿದ್ದೆಯ ಕೊರತೆ ಎರಡೂ ನಂಟು ತೋರಿಸಿದವು. ಟಿವಿಯ ಜಾಗಕ್ಕೆ ಈಗ ಹಾಸಿಗೆಯೊಳಗಿನ ಮೊಬೈಲು ಬಂದಿದೆ.

ರಕ್ತನಾಳಗಳ ವಿಷಯದಲ್ಲಿ ಅನುಮಾನಕ್ಕೆ ಎಡೆಯೇ ಇಲ್ಲ. ಅಮೆರಿಕದ ಲೂಸಿಯಾನದ ಬೊಗಲೂಸಾ ಎಂಬ ಸಣ್ಣ ಊರಿನಲ್ಲಿ ಜೆರಾಲ್ಡ್ ಬೆರೆನ್ಸನ್ 1973ರಲ್ಲಿ ಮಕ್ಕಳ ಹೃದಯದ ಅಧ್ಯಯನ ಶುರುಮಾಡಿದರು. ಅಪಘಾತ ಮೊದಲಾದ ಕಾರಣಗಳಿಂದ ಎಳೆಯ ವಯಸ್ಸಿನಲ್ಲೇ ತೀರಿಕೊಂಡ 204 ಮಂದಿಯ ಶವಪರೀಕ್ಷೆಯ ಫಲ 1998ರಲ್ಲಿ ಹೊರಬಂತು. ತೂಕ, ಬಿಪಿ, ಕೊಲೆಸ್ಟರಾಲ್ ಹೆಚ್ಚಿದ್ದಷ್ಟೂ ಮಹಾಪಧಮನಿಯಲ್ಲೂ ಹೃದಯದ ರಕ್ತನಾಳಗಳಲ್ಲೂ ಕೊಬ್ಬಿನ ಗೆರೆಗಳು ಹೆಚ್ಚಿದ್ದವು.

ದೂರದ ಫಲಿತಾಂಶಕ್ಕೆ ಸೈನ್ಯದ ಕಡತಗಳು ಸಾಕ್ಷಿ. ಇಸ್ರೇಲಿನಲ್ಲಿ 1967ರಿಂದ 2010ರವರೆಗೆ ಅಳತೆಯಾದ 23 ಲಕ್ಷ ಹದಿಹರೆಯದವರನ್ನು ಹಿಂಬಾಲಿಸಿದಾಗ, ಹೃದಯ ಮತ್ತು ರಕ್ತನಾಳದ ಕಾಯಿಲೆಯಿಂದ ಸಾಯುವ ಅಪಾಯ ಬೊಜ್ಜಿನ ಗೆರೆ ದಾಟುವ ಮೊದಲೇ, ‘ಸಾಮಾನ್ಯ’ ಎನ್ನುವ ತೂಕದ ಮೇಲಿನ ಅರ್ಧದಲ್ಲೇ ಏರತೊಡಗಿತ್ತು. ಸ್ವೀಡನ್ನಿನ 16 ಲಕ್ಷ ಯುವಕರ ದಾಖಲೆಯಲ್ಲಿ, ಹದಿನೆಂಟರ ಆಸುಪಾಸಿನಲ್ಲಿ ಬಿಎಂಐ (ಎತ್ತರದ ವರ್ಗದಿಂದ ಭಾಗಿಸಿದ ತೂಕ) 35 ಮೀರಿದ್ದವರಿಗೆ ಮುಂದೆ ಹೃದಯ ವೈಫಲ್ಯ ಬರುವ ಸಂಭವ ತೆಳ್ಳಗಿನವರ ಒಂಬತ್ತು ಪಟ್ಟಿಗಿಂತ ಹೆಚ್ಚು.

ಇವೆಲ್ಲ ಬಿಳಿಯರ ದೇಶದ ಲೆಕ್ಕ, ನಮಗೆಷ್ಟು ಹೊಂದುತ್ತದೆ ಎಂದು ಕೇಳುವವರಿದ್ದಾರೆ. ಹೊಂದುತ್ತದೆ, ನಮಗೆ ಸ್ವಲ್ಪ ಮುಂಚೆಯೇ ಹೊಂದುತ್ತದೆ. ಈ ಮಾತಿನ ಆಧಾರ ನಮ್ಮ ಮೈಸೂರಿನಲ್ಲೇ ಇದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಟ್ಟ ದಾಖಲೆಗಳಿದ್ದವು. ಆ ಕೂಸುಗಳು ನಡುವಯಸ್ಸಿಗೆ ಬಂದಾಗ ಹುಡುಕಿ, 517 ಮಂದಿಯನ್ನು ಪರೀಕ್ಷಿಸಿ, 1996ರಲ್ಲಿ ಫಲಿತಾಂಶ ಪ್ರಕಟಿಸಿದರು: ಹುಟ್ಟುವಾಗ ಸಣಕಲಾಗಿದ್ದವರಲ್ಲೇ ಹೃದಯದ ಕಾಯಿಲೆ ಹೆಚ್ಚು. ಅದೇ ಆಸ್ಪತ್ರೆಯಲ್ಲಿ 1997–98ರಲ್ಲಿ ಆರಂಭವಾದ ‘ಪಾರ್ಥೆನಾನ್’ ಅಧ್ಯಯನ ಇನ್ನೊಂದು ತುದಿ ಹಿಡಿಯಿತು. ಇಲ್ಲಿನ ಕೂಸುಗಳು ತೂಕದಲ್ಲಿ ಕಡಿಮೆ, ಆದರೆ ಬೆನ್ನಿನ ಚರ್ಮದ ಕೆಳಗಿನ ಕೊಬ್ಬಿನಲ್ಲಿ ಕಡಿಮೆಯಿಲ್ಲ. ಗರ್ಭಿಣಿಯಾಗಿದ್ದಾಗ ಸಕ್ಕರೆ ಕಾಯಿಲೆ ಬಂದ ತಾಯಂದಿರ ಮಕ್ಕಳಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ, ಕೊಬ್ಬು ಇನ್ನೂ ಹೆಚ್ಚು. ಪುಣೆಯ ಚಿತ್ತರಂಜನ್ ಯಾಜ್ಞಿಕ್ 2004ರಲ್ಲಿ ತಮ್ಮ ಮತ್ತು ಇಂಗ್ಲಿಷ್ ಗೆಳೆಯ ಯುಡ್ಕಿನ್ ಅವರ ಫೋಟೊವನ್ನು ಪಕ್ಕಪಕ್ಕ ಅಚ್ಚು ಹಾಕಿಸಿದರು. ಇಬ್ಬರ ಬಿಎಂಐ ಒಂದೇ, 22.3. ಮೈಯ ಕೊಬ್ಬು ಮಾತ್ರ ಯುಡ್ಕಿನ್‌ಗೆ ಶೇ 9.1, ಯಾಜ್ಞಿಕ್‌ಗೆ ಶೇ 21.2!

ದೆಹಲಿಯ ಅಧ್ಯಯನವೊಂದು ಈ ಮಾತನ್ನು ಇನ್ನಷ್ಟು ಗಟ್ಟಿ ಮಾಡಿತು. ಎರಡನೆಯ ವಯಸ್ಸಿಗೆ ತೆಳ್ಳಗಿದ್ದು ಹನ್ನೆರಡರ ಹೊತ್ತಿಗೆ ಮೈ ತುಂಬಿಕೊಂಡ ಮಕ್ಕಳಲ್ಲೇ ಮುಂದೆ ಮಧುಮೇಹ ಹೆಚ್ಚು ಕಂಡಿತು. ಹನ್ನೆರಡರಲ್ಲಿ ಅವರನ್ನು ಯಾರೂ ದಪ್ಪ ಎನ್ನುವಂತಿರಲಿಲ್ಲ. ಹಾಗಾಗಿ ನಮ್ಮ ಮಕ್ಕಳಲ್ಲಿ ಇವತ್ತಿನ ತೂಕಕ್ಕಿಂತ, ಅದು ಯಾವ ದಾರಿಯಲ್ಲಿ ಬಂತು ಮತ್ತು ಎಲ್ಲಿ ಕೂತಿತು ಎನ್ನುವುದೇ ಮುಖ್ಯ. ಭಾರತೀಯ ಮಕ್ಕಳ ವೈದ್ಯರ ಸಂಘ 2015ರಲ್ಲಿ ತಂದ ಬೆಳವಣಿಗೆಯ ಪಟ್ಟಿ, ದೊಡ್ಡವರ 23 ಮತ್ತು 27ರ ಬಿಎಂಐಗೆ ಸರಿಹೊಂದುವ ಗೆರೆಗಳನ್ನು ಅತಿತೂಕ ಮತ್ತು ಬೊಜ್ಜಿಗೆ ಎಳೆದದ್ದು ಈ ಕಾರಣಕ್ಕೇ. ಪಾಶ್ಚಾತ್ಯ ಗೆರೆಗಳು 25 ಮತ್ತು 30ರವು. ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಇನ್ನೂ ಸುಲಭ: ಟೈಲರ್ ಟೇಪು ಹಿಡಿದು ಸೊಂಟ ಅಳೆಯಿರಿ. ಅದು ಎತ್ತರದ ಅರ್ಧ ಮೀರಿದರೆ ಡಾಕ್ಟರಿಗೆ ತೋರಿಸಿ.

2025ರ ಜೂನ್, ಜುಲೈನಲ್ಲಿ ಹಾಸನದಲ್ಲಿ ಒಂದರ ಹಿಂದೊಂದು ಹೃದಯಾಘಾತದ ಸಾವುಗಳ ಸುದ್ದಿ ಹಬ್ಬಿದಾಗ ಇಡೀ ಮಲೆನಾಡು ಬೆಚ್ಚಿತು. ಎಕೋ ಮಾಡಿಸಲು ಜನ ಸಾಲುಗಟ್ಟಿದರು. ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರ ನೇತೃತ್ವದ ಸಮಿತಿ 24 ಸಾವುಗಳನ್ನು ಪರಿಶೀಲಿಸಿತು. ಕೆಲವು ಹೃದಯಕ್ಕೆ ಸಂಬಂಧವೇ ಇಲ್ಲದವು; ಉಳಿದವುಗಳ ಹಿಂದೆ ಹೊಸ ನಿಗೂಢ ಕಾರಣವೇನೂ ಸಿಗಲಿಲ್ಲ. ಸಿಕ್ಕಿದ್ದು ಹಳೆಯ ಪರಿಚಿತರು: ಸಿಗರೇಟು, ಬಿಪಿ, ಶುಗರ್, ಬೊಜ್ಜು. ಹೆದರಿಕೆಯ ಗದ್ದಲದಲ್ಲಿ ಎರಡು ಬೇರೆ ಸಂಗತಿಗಳು ಕಲಸಿಹೋದವು. ಆಟವಾಡುತ್ತಾ ಕುಸಿದು ಬೀಳುವ ಹದಿಹರೆಯದವರಲ್ಲಿ ಹಲವರಿಗೆ ಇರುವುದು ಹುಟ್ಟಿನಿಂದ ಬಂದ ಸ್ನಾಯುವಿನ ಅಥವಾ ವಿದ್ಯುತ್ ಲಯದ ದೋಷ. ತೆಳ್ಳಗಿನ ಮಕ್ಕಳಿಗೂ ಅದು ಇರಬಹುದು. ಬೊಜ್ಜಿನ ಹೃದಯ ಹಾಗೆ ಒಂದೇ ಏಟಿಗೆ ಕೈಕೊಡುವುದು ಅಪರೂಪ. ಅದರ ಕೆಲಸ ನಿಧಾನ. ‘ಮಗನಿಗೆ ಆಟ ಬಿಡಿಸಿದ್ದೇವೆ, ಹಾರ್ಟಿಗೆ ಭಾರ ಆಗಬಾರದಲ್ಲ’ ಎನ್ನುವ ತಂದೆತಾಯಿ ಮಾಡುತ್ತಿರುವುದು ಸರಿಯಾಗಿ ಉಲ್ಟಾ ಚಿಕಿತ್ಸೆ.

ಎಲ್ಲ ಮಕ್ಕಳಿಗೂ ಎಕೋ ಬೇಕೇ? ಬೇಡ. ಬೇಕಾದದ್ದು ಸರಿಯಾಗಿ ತೆಗೆದ ಬಿಪಿ. ‘ಸರಿಯಾಗಿ’ ಎಂಬುದಕ್ಕೆ ಒತ್ತು ಕೊಡಬೇಕು. ತೋಳಿಗೆ ಸುತ್ತುವ ಪಟ್ಟಿಯೊಳಗಿನ ರಬ್ಬರ್ ಚೀಲ ತೋಳಿನ ಸುತ್ತಳತೆಯ ಶೇ 80ರಷ್ಟನ್ನಾದರೂ ಆವರಿಸಬೇಕು. ದಪ್ಪ ತೋಳಿಗೆ ಸಾಮಾನ್ಯ ಪಟ್ಟಿ ಕಟ್ಟಿದರೆ ಅಂಕಿ ಸುಳ್ಳೇ ಏರುತ್ತದೆ. ಪಟ್ಟಿ ಅಂಟಿಕೊಳ್ಳದೆ ಬಿಚ್ಚಿಕೊಳ್ಳುತ್ತದೆ, ನರ್ಸ್ ಕೈಯಲ್ಲಿ ಒತ್ತಿ ಹಿಡಿದು ಮುಗಿಸುತ್ತಾರೆ. ಮೆಟ್ಟಿಲು ಹತ್ತಿ ಬಂದ ಹುಡುಗನನ್ನು ಐದು ನಿಮಿಷ ಕೂರಿಸದೆ ಅಳೆದರೂ ಅದೇ ಕಥೆ. ಹದಿಮೂರು ದಾಟಿದವರಿಗೆ, 2017ರ ಅಮೆರಿಕದ ಮಾರ್ಗಸೂಚಿಯಂತೆ, 130/80 ಮತ್ತೆ ಮತ್ತೆ ಬಂದರೆ ಅದು ಅಧಿಕ ರಕ್ತದೊತ್ತಡ. ಅಂಥವರಿಗೆ, ಔಷಧ ಶುರುಮಾಡುವ ಹೊತ್ತಿಗೆ, ಎಕೋ ಅರ್ಥಪೂರ್ಣ. ಅದಕ್ಕೆ ಶಿವಮೊಗ್ಗದ ಮೆಗ್ಗಾನ್ ಬೋಧನಾ ಆಸ್ಪತ್ರೆ ಈ ಭಾಗದವರಿಗೆ ಹತ್ತಿರದಲ್ಲೇ ಇದೆ. 2013ರಿಂದ ಶಾಲೆಗಳಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳ ಕೈಗೆ ದೊಡ್ಡ ಅಳತೆಯ ಒಂದು ಪಟ್ಟಿ ಕೊಡುವುದು, ಒಂದು ಎಕೋ ಯಂತ್ರ ಕೊಳ್ಳುವುದಕ್ಕಿಂತ ಹೆಚ್ಚು ಮಕ್ಕಳನ್ನು ಕಾಪಾಡುತ್ತದೆ ಎಂಬುದು ನನ್ನ ಅನಿಸಿಕೆ.

ಹದಿಹರೆಯದ ಹೃದಯದ ಬಗ್ಗೆ ಇರುವ ಒಳ್ಳೆಯ ಸುದ್ದಿಯನ್ನು ಯಾರೂ ವಾಟ್ಸಾಪ್‌ನಲ್ಲಿ ಕಳಿಸುವುದಿಲ್ಲ. ಆದ ಬದಲಾವಣೆ ಹಿಂದಕ್ಕೂ ಹೋಗುತ್ತದೆ. ನಾಲ್ಕು ದೀರ್ಘಾವಧಿ ಅಧ್ಯಯನಗಳ 6328 ಮಂದಿಯನ್ನು ಒಟ್ಟುಗೂಡಿಸಿ 2011ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ಬಾಲ್ಯದಲ್ಲಿ ಅತಿತೂಕವಿದ್ದು ದೊಡ್ಡವರಾಗುವಷ್ಟರಲ್ಲಿ ಬೊಜ್ಜಿನಿಂದ ಹೊರಬಂದವರಿಗೆ ಮಧುಮೇಹ, ಬಿಪಿ, ರಕ್ತನಾಳದ ದಪ್ಪವಾಗುವಿಕೆಯ ಅಪಾಯ ಎಂದೂ ಬೊಜ್ಜಿಲ್ಲದವರಷ್ಟೇ ಇತ್ತು. ತೀವ್ರ ಬೊಜ್ಜಿಗೆ ಹೊಟ್ಟೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಅಮೆರಿಕದ ಹದಿಹರೆಯದವರಲ್ಲಿ ಹೃದಯದ ತೂಕ ಇಳಿದು ಸಡಿಲಗೊಳ್ಳುವ ಗುಣ ಸುಧಾರಿಸಿತು. ಸೆಮಾಗ್ಲುಟೈಡ್ ಚುಚ್ಚುಮದ್ದು ಹನ್ನೆರಡು ದಾಟಿದವರ ಬಿಎಂಐಯನ್ನು ಶೇ 16ರಷ್ಟು ಇಳಿಸಿತೆಂದು 2022ರ ಪ್ರಯೋಗ ಹೇಳಿತು. ನಿಲ್ಲಿಸಿದರೆ ತೂಕ ಮರಳುವ, ತಿಂಗಳಿಗೆ ಸಾವಿರಾರು ರೂಪಾಯಿ ಬೇಡುವ ಈ ದಾರಿಯನ್ನು ಹದಿನೈದರ ಹುಡುಗಿಗೆ ಮೊದಲ ಮದ್ದಾಗಿ ಹೇಳಲು ನನಗಂತೂ ಮನಸ್ಸಿಲ್ಲ.

ಊಟದ ಬಗ್ಗೆ ಬೈಗುಳ ಸಾಕಷ್ಟಾಗಿದೆ. ಅಕ್ಕಿ ರೊಟ್ಟಿ, ಕಡುಬು ತಿಂದು ಬೆಳೆದ ಮಲೆನಾಡು ಅದರಿಂದಲೇ ಬೊಜ್ಜು ಬರಿಸಿಕೊಂಡದ್ದಲ್ಲ. ಗದ್ದೆ ತೋಟದಲ್ಲಿ ಅದು ಕರಗುತ್ತಿತ್ತು. ಈಗ ಸಂಜೆ ಟ್ಯೂಷನ್ನಿಗೂ ಕಾಲೇಜಿಗೂ ನಡುವಿನ ಅರ್ಧ ಗಂಟೆಯಲ್ಲಿ ಕೈಗೆ ಸಿಗುವುದು ಎಗ್ ಪಫ್ಸ್, ಗೋಬಿ, ಕೂಲ್ ಡ್ರಿಂಕ್ಸ್. ಗೋಬಿಗೆ ಕೃತಕ ಬಣ್ಣ ಹಾಕಬಾರದೆಂದು ಸರ್ಕಾರ 2024ರ ಮಾರ್ಚ್‌ನಲ್ಲಿ ನಿಷೇಧಿಸಿತು. ಎಣ್ಣೆಯನ್ನು ಯಾರೂ ಕೇಳಲಿಲ್ಲ. ಶಾಲೆಯ ಗೇಟಿನಿಂದ 50 ಮೀಟರ್ ಒಳಗೆ ಅತಿ ಉಪ್ಪು, ಸಕ್ಕರೆ, ಕೊಬ್ಬಿನ ತಿನಿಸು ಮಾರುವಂತಿಲ್ಲ ಎಂಬ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮ ಪುಸ್ತಕದಲ್ಲಿದೆ. ಯಾವುದೇ ಊರಿನ ಯಾವುದೇ ಶಾಲೆಯ ಮುಂದೆ ನಿಂತು ಐವತ್ತು ಮೀಟರ್ ಹೆಜ್ಜೆ ಹಾಕಿ ನೋಡಿ.

ನನಗೆ ಊಟಕ್ಕಿಂತ ಮೈದಾನ ದೊಡ್ಡ ಪ್ರಶ್ನೆ. ಭದ್ರಾವತಿ ಕಬ್ಬಿಣದ ಮತ್ತು ಕಾಗದದ ಕಾರ್ಖಾನೆಗಳಿಂದ ಬೆಳೆದ ಊರು; ಕಾರ್ಖಾನೆಯ ಕಾಲೊನಿಗಳಲ್ಲಿ ಮಕ್ಕಳಿಗೆ ಆಡಲು ಬಯಲುಗಳಿದ್ದವು. ಕ್ರಿಕೆಟಿಗ ಗುಂಡಪ್ಪ ವಿಶ್ವನಾಥ್ ಹುಟ್ಟಿದ್ದು ಈ ಊರಿನಲ್ಲಿ. ಈಗ ಹತ್ತನೆಯ ತರಗತಿಗೆ ಬರುತ್ತಲೇ ಪಿಟಿ ಪೀರಿಯಡ್ ಗಣಿತದ ಪಾಲಾಗುತ್ತದೆ. ಹುಡುಗಿಯರಿಗೆ ಅದಕ್ಕೂ ಎರಡು ವರ್ಷ ಮೊದಲೇ, ದೊಡ್ಡವಳಾದಳು ಎನ್ನುವ ದಿನ, ಆಟ ನಿಲ್ಲುತ್ತದೆ. ಆಸ್ಟ್ರೇಲಿಯಾದ ಪರ್ತ್‌ನಲ್ಲಿ 2004ರಲ್ಲಿ ಪ್ರಕಟವಾದ ಸಣ್ಣ ಅಧ್ಯಯನವೊಂದು ಬೊಜ್ಜಿನ ಹತ್ತೊಂಬತ್ತು ಹದಿಹರೆಯದವರಿಗೆ ಎಂಟು ವಾರ ವ್ಯಾಯಾಮ ಮಾಡಿಸಿತು. ತೂಕದ ಕಾಟಾದಲ್ಲಿ ಹೇಳಿಕೊಳ್ಳುವಂಥದ್ದೇನೂ ಕಾಣಲಿಲ್ಲ. ಹೊಟ್ಟೆಯ ಕೊಬ್ಬು ಇಳಿದಿತ್ತು, ಬಿಗಿದುಕೊಂಡಿದ್ದ ರಕ್ತನಾಳಗಳು ಆರೋಗ್ಯವಂತ ಮಕ್ಕಳಷ್ಟೇ ಸಲೀಸಾಗಿ ಹಿಗ್ಗತೊಡಗಿದ್ದವು. ಎಂಟು ವಾರವೆಂದರೆ ನಮ್ಮ ಶಾಲಾ ವರ್ಷದಲ್ಲಿ ದಸರಾ ರಜೆ ಮುಗಿದು ಅರ್ಧವಾರ್ಷಿಕ ಅಂಕಪಟ್ಟಿಗೆ ಸಹಿ ಬಿದ್ದು ಮುಂದಿನ ಪರೀಕ್ಷೆಯ ಮಾತು ಶುರುವಾಗುವಷ್ಟು ಹೊತ್ತು.